ಆಚಾರ್ರ ಕಾರಿನ ಗಾಳಿಪೈಪು

ನಲವತ್ತೊಂದು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿದವನು ನಾನು. ಈಗ ಎರಡು ವರ್ಷದಿಂದ ಮಂಚದ ಮೇಲೆ ಮಲಗುತ್ತಿದ್ದೇನೆ. ನಿದ್ದೆ ಮಾತ್ರ ಅಲ್ಲಿ ಬಂದಷ್ಟು ಇಲ್ಲಿ ಬರುವುದಿಲ್ಲ. ಆದೋನಿಯಲ್ಲಿ ನನ್ನ ಶೆಡ್ಡು ಇನ್ನೂ ಇದೆ, ಬೇರೆಯವರು ನಡೆಸುತ್ತಾರೆ. ಪಾಲಿಟೆಕ್ನಿಕ್ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದವರು ಆಗಾಗ ಮನೆಗೆ ಬಂದು, "ಈರಣ್ಣ ಮಾಮಾ, ಹಳೇ ಗಾಡಿಗೋಳ ಬಗ್ಗೆ ಏನಾರ ಬರದಿಡು" ಎನ್ನುತ್ತಾರೆ. ಅವರು ಗಾಡಿಗೊಂದು ವೈರು ಚುಚ್ಚಿದರೆ ಸಾಕು, ರೋಗದ ಹೆಸರು ಪರದೆಯ ಮೇಲೆ ಬರುತ್ತದೆ. ನಮಗೆ ಆ ಹೆಸರು ಹೇಳುತ್ತಿದ್ದದ್ದು ಮೂಗು, ಕಿವಿ, ಬೆರಳ ತುದಿ. ಒಂದು ಸಲ ಮೂಗು ಹೇಳಿದ್ದನ್ನು ಕೇಳದೆ ನಾನೊಂದು ಕೆಲಸ ಮಾಡಿದೆ. ಅದನ್ನು ಹೇಳುವುದಕ್ಕೇ ಇಷ್ಟು ಕಾಗದ ಹಾಳು ಮಾಡುತ್ತಿದ್ದೇನೆ, ಉಳಿದದ್ದೆಲ್ಲ ಅದಕ್ಕೆ ಹೋಗುವ ದಾರಿ.

ನಾನು ಕೌತಾಳಂ ಕಡೆಯವನು. ಇಪ್ಪತ್ತರ ವಯಸ್ಸಿಗೆ ಬಸ್ಸು ಹತ್ತಿ ಆದೋನಿಗೆ ಬಂದು ಖಾಸಿಂ ಉಸ್ತಾದರ ಶೆಡ್ಡು ಸೇರಿದೆ. ಉಸ್ತಾದ್ ಸಣ್ಣ ಆಳು, ದೊಡ್ಡ ಗಂಟಲು. ಬೈಗುಳಕ್ಕೆ ಉರ್ದು, ಕೆಲಸಕ್ಕೆ ಕನ್ನಡ, ಗಿರಾಕಿಗೆ ತೆಲುಗು ಎಂದು ಅವರು ಮೂರು ಭಾಷೆಗಳನ್ನು ಮೂರು ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದರು. ಒಂದೊಂದು ಸಲ ಡಬ್ಬಿ ಅದಲುಬದಲಾಗಿ ಗಿರಾಕಿಗೆ ಬೈಗುಳ ಹೋಗುತ್ತಿತ್ತು.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂತೆಂದರೆ ಹಳೆಯ ಪೆಟ್ರೋಲ್ ಗಾಡಿಗಳು ರಸ್ತೆಯ ನಡುವೆ ನಿಲ್ಲುವುದಕ್ಕೆ ಶುರು. ಟ್ಯಾಂಕಿನಲ್ಲಿ ಪೆಟ್ರೋಲು ಇರುತ್ತದೆ, ಇಂಜಿನ್ನಿಗೆ ಬರುವುದಿಲ್ಲ. ಇಂಜಿನ್ನಿನ ಪಕ್ಕದಲ್ಲೇ ಇರುವ ಪಂಪು, ಪೈಪು ಕಾದು ಪೆಟ್ರೋಲು ಒಳಗೇ ಕುದಿದು ಆವಿಯಾಗಿಬಿಡುತ್ತದೆ. ಪಂಪು ಪೆಟ್ರೋಲನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಅದಕ್ಕೆ ಉಸ್ತಾದರ ಔಷಧಿ ಒಂದೇ. "ಅರೇ ಈರಣ್ಣ, ಇಂಜಿನ್ನಿಗೆ ಜ್ವರ ಬಂದೈತಿ, ಪಂಪಿನ ಮ್ಯಾಲೆ ಒದ್ದಿ ಬಟ್ಟಿ ಹಾಕು" ಎನ್ನುವರು. ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಾದರೆ ಗಾಡಿ ಎದ್ದು ಕೂರುತ್ತಿತ್ತು. ಮುಂದೆ ಆರೇಳು ಮೈಲಿಗೆ ಮತ್ತೆ ಮಲಗುತ್ತಿತ್ತು.

ಉಸ್ತಾದರ ಕಟ್ಟುನಿಟ್ಟು ಎರಡು ವಿಷಯದಲ್ಲಿ. ಒಂದು ಟ್ಯಾಂಕಿನ ಬೆಸುಗೆ. ಟ್ಯಾಂಕು ತೂತಾಗಿ ಬಂದರೆ ಅದನ್ನು ಬಿಚ್ಚಿ, ಪೆಟ್ರೋಲು ಸುರಿದು, ಬಟ್ಟೆ ಒಗೆಯುವ ಸೋಡಾ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಮೂಗಿಟ್ಟು ನೋಡಿ, ಆಮೇಲೆ ಬಾಯಿಯ ತನಕ ನೀರು ತುಂಬಿಸಿ, ಬೆಸುಗೆ ಬೀಳುವ ಜಾಗವನ್ನಷ್ಟೇ ನೀರಿನ ಮೇಲಕ್ಕೆ ಬಿಡಬೇಕು. "ತುಂಬಿದ ಟ್ಯಾಂಕಿಗೆ ಅಂಜಬ್ಯಾಡ. ಖಾಲಿ ಟ್ಯಾಂಕಿಗೆ ಅಂಜು" ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ. ಖಾಲಿ ಎಂದು ನಾವು ಕರೆಯುವುದರಲ್ಲಿ ತುಂಬಿರುವುದು ಆವಿ, ಬೆಂಕಿ ಹತ್ತುವುದು ಆ ಆವಿಗೇ ಎಂದು ಅವರು ವಿವರಿಸಿದ ಮೇಲೆ ನಗು ನಿಂತಿತು.

ಎರಡನೆಯದು ಸುಣ್ಣದ ಗೆರೆ. ನಮ್ಮಲ್ಲಿ ದೊಡ್ಡ ರಿಪೇರಿಯಾದ ಗಾಡಿ ಪೂಜೆಯಿಲ್ಲದೆ ರಸ್ತೆಗೆ ಇಳಿಯುವುದಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಆಮೇಲೆ ಕರ್ಪೂರದ ಆರತಿ, ಕಡೆಗೆ ಬೂದುಗುಂಬಳಕಾಯಿ ಒಡೆಯುವುದು. ಉಸ್ತಾದ್ ಇದಕ್ಕೆಂದೂ ಬೇಡ ಅಂದವರಲ್ಲ, ಪ್ರಸಾದದ ಕೊಬ್ಬರಿಯನ್ನು ಎಲ್ಲರಿಗಿಂತ ಮೊದಲು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಶೆಡ್ಡಿನ ಬಾಗಿಲಿನಿಂದ ಹತ್ತು ಹೆಜ್ಜೆ ಆಚೆಗೆ ಅಡ್ಡಲಾಗಿ ಒಂದು ಸುಣ್ಣದ ಗೆರೆ ಎಳೆಸಿದ್ದರು. ಅಳಿಸಿಹೋದಂತೆಲ್ಲ ಮತ್ತೆ ಎಳೆಯುವುದು ನನ್ನ ಕೆಲಸ. ಗಿರಾಕಿಗಳು, "ಏಮಿ ಉಸ್ತಾದ್, ಇಂತ ಭಯಮಾ?" ಇಷ್ಟೊಂದು ಹೆದರಿಕೆಯೇ ಎಂದು ತೆಲುಗಿನಲ್ಲಿ ಹಾಸ್ಯ ಮಾಡುವರು. ಉಸ್ತಾದ್ ಅಲ್ಲಾಡುತ್ತಿರಲಿಲ್ಲ. "ನಿಮ್ಮ ದೇವರು ಗೆರಿ ಆಚೆ ಇರಲಿ, ನನ್ನ ಪೆಟ್ರೋಲು ಗೆರಿ ಈಚೆ ಇರಲಿ. ಇಬ್ಬರಿಗೂ ಜಗಳ ಹಚ್ಚಬ್ಯಾಡ್ರಿ" ಎನ್ನುವರು.

ನಾನೇನು ಮೊದಲಿನಿಂದಲೂ ಜಾಣನಾಗಿರಲಿಲ್ಲ. ಹೊಳಗುಂದದ ಒಬ್ಬ ಶೇಂಗಾ ಸಾವುಕಾರರ ಜೀಪಿನ ಕಥೆ ಕೇಳಿ. ಊರು ಬಿಟ್ಟು ಎಂಟು ಮೈಲಿ ಓಡುತ್ತದೆ, ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಚಳಿಗಾಲದಲ್ಲೂ ಅದೇ ಪಾಡು, ಹಾಗಾಗಿ ಒದ್ದೆ ಬಟ್ಟೆಯ ಮದ್ದು ನಡೆಯಲಿಲ್ಲ. ಉಸ್ತಾದ್ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದರು, ನಾನೇ ರಾಜ. ಪಂಪು ಬಿಚ್ಚಿದೆ, ಕಾರ್ಬೊರೇಟರ್ ಬಿಚ್ಚಿದೆ, ಪೈಪೆಲ್ಲ ಊದಿದೆ. ಎರಡು ದಿನ ಕಳೆಯಿತು. ಸಾವುಕಾರರು ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತು ಶೇಂಗಾ ಸುಲಿಯುತ್ತ, "ಏನು ಈರಣ್ಣ, ಸಿಕ್ತೇನು?" ಎಂದು ಗಂಟೆಗೊಮ್ಮೆ ಕೇಳುವರು. ಮೂರನೆಯ ದಿನ ಉಸ್ತಾದ್ ಬಂದರು. ಜೀಪು ಓಡಿಸಿಕೊಂಡು ಹೋಗಿ ಅದು ನಿಂತ ತಕ್ಷಣ ಇಳಿದು, ಇಂಜಿನ್ನಿನ ಕಡೆ ತಿರುಗಿಯೂ ನೋಡದೆ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಂಯ್ ಎಂದು ಗಾಳಿ ಒಳಗೆ ಹೋಯಿತು, ಜೀಪು ಮತ್ತೆ ಓಡಿತು.

ಮುಚ್ಚಳದಲ್ಲಿ ಸೂಜಿ ತೂರುವಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಖರ್ಚಾದಷ್ಟೂ ಅಲ್ಲಿಂದ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಟ್ಯಾಂಕು ಉಸಿರು ಕಟ್ಟಿ ಪೆಟ್ರೋಲನ್ನು ಬಿಡುವುದಿಲ್ಲ. ತಗ್ಗುದಿಬ್ಬದಲ್ಲಿ ಪೆಟ್ರೋಲು ಚೆಲ್ಲುತ್ತದೆ ಎಂದು ಸಾವುಕಾರರು ಆ ತೂತಿಗೆ ಬಟ್ಟೆ ಸಾಬೂನು ಮೆತ್ತಿದ್ದರು. ಎರಡು ದಿನ ನನ್ನ ಎದುರಿಗೇ ಕುಳಿತಿದ್ದರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಉಸ್ತಾದ್ ಅವತ್ತು ನನಗೆ ಉರ್ದು ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದರು. ಗಾಡಿಯನ್ನು ಮುಟ್ಟುವ ಮೊದಲು ಗಾಡಿಯವರನ್ನು ಕೇಳು ಎಂಬುದು ಅದರ ಸಾರ.

ಉಸ್ತಾದರಿಗೆ ಕಣ್ಣು ಮಂದವಾದ ಮೇಲೆ ಅವರ ಶೆಡ್ಡು ಮುಚ್ಚಿತು. ನಾನು ಎಮ್ಮಿಗನೂರು ರಸ್ತೆಯಲ್ಲಿ ನನ್ನದೇ ಶೆಡ್ಡು ಹಾಕಿದೆ. ಅಷ್ಟರಲ್ಲಿ ಗಾಡಿಗಳ ಜಾತಿಯೇ ಬದಲಾಗಿತ್ತು. ಹೊಸ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ. ಟ್ಯಾಂಕಿನ ಆವಿಯನ್ನು ಹಿಡಿಯುವುದಕ್ಕೆ ಇದ್ದಿಲಿನ ಡಬ್ಬಿ ಇರುತ್ತದೆ. ಹಳೆಯ ಗಾಡಿಗಳನ್ನು ಮುಟ್ಟುವವರು ಊರಿನಲ್ಲಿ ನಾನೊಬ್ಬನೇ ಉಳಿದೆ, ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂತು. ಗೋಡೆಗೆ ಬಣ್ಣ ಹೊಡೆಸಿದೆ, ಬೋರ್ಡು ಬರೆಸಿದೆ. ಬಾಗಿಲಿನ ಮುಂದೆ ಸುಣ್ಣದ ಗೆರೆ ಎಳೆಯುವುದು ಮಾತ್ರ ನೆನಪಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಪ್ರಹ್ಲಾದಾಚಾರ್ಯರು ತಮ್ಮ ಬಿಳಿಯ ಅಂಬಾಸಿಡರ್ ಕಾರು ತಂದು ನಿಲ್ಲಿಸಿದರು. ಆಚಾರ್ರು ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದವರು. ಕಾರು ಅವರ ತಂದೆಯ ಕಾಲದ್ದು. ಪ್ರತಿ ದಿನ ಮಡಿಪಂಚೆ ಒಣಹಾಕಿದ ಮೇಲೆ ಅವರ ಎರಡನೆಯ ಕೆಲಸ ಆ ಕಾರು ಒರೆಸುವುದು. ಅದನ್ನು ಮಾರದೆ ಇದ್ದದ್ದಕ್ಕೆ ಇನ್ನೊಂದು ಕಾರಣ ಅವರ ಹೆಂಡತಿ ಸುಶೀಲಾಬಾಯಿ. ಅವರಿಗೆ ಸೊಂಟ ಮುರಿದು ಒಳಗೆ ರಾಡು ಹಾಕಿದ್ದರು. ನಿಧಾನಕ್ಕೆ ನಡೆಯುತ್ತಿದ್ದರು, ಆದರೆ ಕಾಲು ಮಡಿಸಿ ಬಹಳ ಹೊತ್ತು ಕೂರಲಾಗುತ್ತಿರಲಿಲ್ಲ. ಆ ಕಾರಿನ ಹಿಂದಿನ ಸೀಟು ಮಂಚದಷ್ಟು ಅಗಲ, ಕಾಲು ಚಾಚಿ ಕೂರಬಹುದು. ತಿಂಗಳಿಗೊಮ್ಮೆ ನಾಗಲದಿನ್ನೆಗೆ ಹೋಗಿ ತೊಂಬತ್ತರ ಅಣ್ಣನನ್ನು ನೋಡಿ ಬರುವುದು ಆಕೆಗೆ ವ್ರತವಾಗಿತ್ತು. ಬೇಸಿಗೆ ಬಂದರೆ ಕಾರು ಆ ದಾರಿಯ ನಂದವರದ ಹತ್ತಿರ ನಿಂತುಬಿಡುತ್ತಿತ್ತು, ಜಾಲಿಗಿಡದ ಅರೆ ನೆರಳಿನಲ್ಲಿ ಇಬ್ಬರೂ ಗಂಟೆಗಟ್ಟಲೆ ಕಾಯುತ್ತಿದ್ದರು.

"ಈರಣ್ಣಾ, ಇದಕ್ಕ ಏನಾರ ಉಪಾಯ ಅದ ಏನು?" ಎಂದು ಆಚಾರ್ರು ಕೇಳಿದರು.

"ಐತ್ರಿ ಸ್ವಾಮಿ. ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು ಹಾಕಿ, ಇಂಜಿನ್ ಕಡಿಯಿಂದ ಟ್ಯಾಂಕಿಗೆ ಒಂದು ವಾಪಸ್ ಪೈಪು ಕೊಡೋಣು. ಪೆಟ್ರೋಲು ನಿಂತಲ್ಲೇ ನಿಂತು ಕುದಿಯಂಗಿಲ್ಲ, ಸುತ್ತತಾ ಇರ್ತೈತಿ."

"ಮಾಡು. ಆದ್ರ ಒಂದು ಮಾತು. ಹೊರಗಿನಿಂದ ನೋಡಿದವರಿಗೆ ಹೊಸಾದು ಒಂದೂ ಕಾಣಬಾರದು. ನಮ್ಮಪ್ಪ ತಂದಾಗ ಹ್ಯಾಂಗಿತ್ತೋ ಹಾಂಗೇ ಇರಬೇಕು."

ಆಗಲಿ ಎಂದೆ. ವಾಪಸ್ ಪೈಪಿಗೆ ಟ್ಯಾಂಕಿನಲ್ಲಿ ಹೊಸ ಬಾಯಿ ಮಾಡಬೇಕಿತ್ತು. ಉಸ್ತಾದರ ಪದ್ಧತಿಯಂತೆ ಸೋಡಾದಲ್ಲಿ ತೊಳೆದು, ನೀರು ತುಂಬಿಸಿ ಬೆಸುಗೆ ಹಾಕಿದೆ. ಕಾರು ಮಧ್ಯಾಹ್ನದ ಬಿಸಿಲಿನಲ್ಲಿ ಎಮ್ಮಿಗನೂರಿಗೆ ಹೋಗಿ ನಿಲ್ಲದೆ ವಾಪಸು ಬಂತು. ನನಗೆ ಖುಷಿಯೋ ಖುಷಿ. ಆದರೆ ಬಂದು ನೋಡಿದರೆ ಟ್ಯಾಂಕಿನ ಮುಚ್ಚಳದ ತೂತಿನಿಂದ ಪೆಟ್ರೋಲು ಉಗುಳಿ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಇಳಿದಿತ್ತು. ಮಗುವಿನ ಗಲ್ಲದ ಮೇಲೆ ಗಾಯ ನೋಡಿದವರಂತೆ ಆಚಾರ್ರು ಅದನ್ನು ನೋಡಿದರು.

ತಪ್ಪು ಕಾರಿನದಲ್ಲ, ನನ್ನದು. ಇಂಜಿನ್ನಿನ ಹತ್ತಿರ ಹೋಗಿ ಬಿಸಿಯಾದ ಪೆಟ್ರೋಲು ವಾಪಸು ಟ್ಯಾಂಕಿಗೆ ಬರುತ್ತದೆ. ಟ್ಯಾಂಕು ಮೊದಲಿಗಿಂತ ಹೆಚ್ಚು ಕಾಯುತ್ತದೆ, ಮೊದಲಿಗಿಂತ ಹೆಚ್ಚು ಆವಿ ಬಿಡುತ್ತದೆ. ಸೂಜಿ ತೂತು ಅದಕ್ಕೆ ಸಾಲದು. ವಾಪಸ್ ಪೈಪು ಹಾಕುವವರು ಗಾಳಿಪೈಪನ್ನೂ ಹಾಕಲೇಬೇಕು, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೂ ಈ ಬರಹ ಓದಿದ್ದು ದಂಡವಾಗಲಿಲ್ಲ.

ಮುಚ್ಚಳದ ತೂತು ಬೆಸೆದೆ. ಟ್ಯಾಂಕಿನ ನೆತ್ತಿಯಿಂದ ಹೊಸ ಗಾಳಿಪೈಪು ಎಳೆದೆ. ಅದರ ಬಾಯಿಯನ್ನು ಎಲ್ಲಿ ಬಿಡುವುದು? ನ್ಯಾಯವಾಗಿ ಆದರೆ ಪೈಪನ್ನು ಮುಚ್ಚಳದಷ್ಟು ಎತ್ತರಕ್ಕೆ ಏರಿಸಿ, ಬಳಸಿ, ಆಮೇಲೆ ಕಾರಿನ ಅಡಿಗೆ ಇಳಿಸಿ, ಹೊಗೆಕೊಳವೆ ಇಲ್ಲದ ಮಗ್ಗುಲಿನಲ್ಲಿ ಬಯಲಿಗೆ ಬಿಡಬೇಕು. ಹಾಗೆ ಮಾಡಿದರೆ ಬಂಪರಿನ ಕೆಳಗೆ ಎರಡು ಬೆರಳಷ್ಟು ಪೈಪು ಕಾಣುತ್ತದೆ. ಹೊಸದು ಕಾಣಬಾರದು ಎಂದಿದ್ದರಲ್ಲ ಆಚಾರ್ರು. ಅವರ ಹತ್ತಿರ ಹೋಗಿ, ಸ್ವಾಮಿ, ಇಷ್ಟು ಕಾಣುತ್ತದೆ, ಬೇರೆ ದಾರಿ ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಊರಿಗೊಬ್ಬನೇ ಮೆಕ್ಯಾನಿಕ್ಕು, ನನ್ನಿಂದ ಆಗದ ಕೆಲಸವೇ ಎಂಬ ಜಂಬ. ಪೈಪಿನ ಬಾಯನ್ನು ಡಿಕ್ಕಿಯೊಳಗೆ, ಪಕ್ಕದ ಹಲಗೆಯ ಹಿಂದೆ ಅಡಗಿಸಿಬಿಟ್ಟೆ. ಹೊರಗೆ ಏನೂ ಕಾಣಲಿಲ್ಲ. ಆಚಾರ್ರು ಸುತ್ತು ಹಾಕಿ ನೋಡಿ, "ಭೇಷ್" ಎಂದರು. ಆ ಭೇಷ್ ನನಗೆ ಈಗಲೂ ಕಿವಿಯಲ್ಲಿ ಚುಚ್ಚುತ್ತದೆ.

ಪೂಜೆ ಆಚಾರ್ರ ಮನೆಯ ಮುಂದೆ ಎಂದಾಯಿತು. ನಾನು ಬೆಳಿಗ್ಗೆ ಕಾರಿನ ಟ್ಯಾಂಕು ತುಂಬಿಸಿ, ಇನ್ನೊಂದು ಸಲ ದೂರ ಓಡಿಸಿ ನೋಡಿ, ಬರುವಾಗ ಕುಂಬಳಕಾಯಿ, ತೆಂಗಿನಕಾಯಿ ಕೊಂಡು ಡಿಕ್ಕಿಯಲ್ಲಿ ಹಾಕಿಕೊಂಡು ಹೋದೆ. ಹನ್ನೊಂದು ಗಂಟೆಯ ಬಿಸಿಲು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರು ಬಂದು ನಿಂತಿದ್ದರು. ನಾನು ಡಿಕ್ಕಿ ತೆಗೆದು ಕುಂಬಳಕಾಯಿ ಎತ್ತಿಕೊಂಡೆ. ಗಪ್ಪೆಂದು ವಾಸನೆ ಹೊಡೆಯಿತು. ಮೂಗು ಹೇಳಿತು, ನಾನು ಕೇಳಲಿಲ್ಲ. ಡಿಕ್ಕಿ ತೆರೆದೇ ಇರಲಿ, ಗಾಳಿಯಾಡಿದರೆ ಹೋಗುತ್ತದೆ ಎಂದುಕೊಂಡೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೀರಿನಂತೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಸುಶೀಲಾಬಾಯಿ ಆರತಿಯ ತಟ್ಟೆ ಹಿಡಿದುಕೊಂಡು ಬಂದರು. ಆ ಮನೆಯಲ್ಲಿ ದೀಪ, ಆರತಿ ಆಕೆಯದೇ. ಮದುವೆಯಾಗಿ ಬಂದ ದಿನ ಅತ್ತೆ ಕೈಗೆ ಕೊಟ್ಟದ್ದಂತೆ, ಐವತ್ತು ವರ್ಷದಿಂದ ಬೇರೆ ಯಾರೂ ಮುಟ್ಟಿರಲಿಲ್ಲ. ಕಾರಿನ ಮುಂದೆ ನಿಂತು ಬೆಂಕಿಕಡ್ಡಿ ತೆಗೆದವರು ಒಂದು ಗಳಿಗೆ ತಡೆದರು.

"ಈರಣ್ಣಾ, ಪೆಟ್ರೋಲ್ ವಾಸನಿ ಬರಲಿಕ್ಕತ್ತದಲ್ಲೋ?"

"ಹೊಸ ಪೈಪು ಅಮ್ಮಾರ. ಎರಡು ದಿನ ಹಂಗೇ ಬರ್ತೈತಿ. ನೀವು ಹಚ್ಚ್ರಿ" ಎಂದೆ.

ಹಚ್ಚಿದರು. ಮುಂದೆ ಬೆಳಗಿದರು, ಬಲಗಡೆಯಿಂದ ಸುತ್ತಿ ಹಿಂದಕ್ಕೆ ಬಂದರು. ಡಿಕ್ಕಿಯ ಎದುರಿಗೆ ತಟ್ಟೆಯನ್ನು ಒಂದು ಸಲ ತಿರುವಿದರು, ಅಷ್ಟೆ. ಭುಗ್ಗೆಂದು ಉರಿ ಎದ್ದಿತು. ಡಿಕ್ಕಿಯ ತಳದಿಂದ ಎದ್ದು ಆಕೆಯ ಕೈಯನ್ನು ಬಳಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯಿತು. ತಟ್ಟೆ ಡಿಕ್ಕಿಯೊಳಗೆ ಬಿದ್ದು ಅಲ್ಲಿ ಹಾಸಿದ್ದ ಹಳೆಯ ಜಮಖಾನೆ ಉರಿಯತೊಡಗಿತು. ಆಚಾರ್ರು ಹೆಗಲಿನ ಶಲ್ಯ ಎಳೆದು ಹೆಂಡತಿಯ ಕೈಗೆ ಸುತ್ತಿದರು. ಎಲ್ಲರೂ ಆಕೆಯ ಕಡೆ ಓಡಿದರು. ನಾನು ಹಸಿ ಗೋಣಿಚೀಲ ತಂದು ಡಿಕ್ಕಿಯ ಮೇಲೆ ಹಾಕಿದೆ.

ಆಗ ಕಂಡೆ. ಪಕ್ಕದ ಹಲಗೆಯ ಸಂದಿಯಲ್ಲಿ, ನನ್ನ ಗಾಳಿಪೈಪಿನ ಬಾಯಲ್ಲಿ, ನಂದಾದೀಪದ ಹಾಗೆ ಒಂದು ನೀಲಿ ಉರಿ ತಣ್ಣಗೆ ಉರಿಯುತ್ತಿತ್ತು. ಟ್ಯಾಂಕು ತುಂಬಿದ್ದದ್ದು ಎಲ್ಲರ ಪುಣ್ಯ. ಗೋಣಿಚೀಲದ ತುದಿಯನ್ನು ಅದರ ಮೇಲೆ ಒತ್ತಿ ಹಿಡಿದೆ. ಅದನ್ನು ನೋಡಿದವನು ನಾನೊಬ್ಬನೇ.

ಆಕೆಯ ಬಲಗೈ ಅಂಗೈಯಿಂದ ಮಣಿಕಟ್ಟಿನ ತನಕ ಬೊಬ್ಬೆ ಎದ್ದಿತ್ತು. ಆಚಾರ್ರಿಗೆ ಗಾಬರಿಯಾಗಿತ್ತು, ಗಾಬರಿಯಾದ ಗಂಡಸರಿಗೆ ಮೊದಲು ಬರುವುದು ಸಿಟ್ಟು. "ಎಷ್ಟು ಸಲ ಹೇಳೀನಿ ನಿನಗ, ಕೈ ನಡುಗ್ತದ, ತಟ್ಟಿ ಹಿಡೀಬ್ಯಾಡ ಅಂತ! ಕರ್ಪೂರ ಕೆಡವಿಕೊಂಡಿ ನೋಡು" ಎಂದು ಎಲ್ಲರ ಮುಂದೆ ಕೂಗಿದರು. ಹೌದು, ವಯಸ್ಸಾಗಿದೆ, ಕೈ ನಡುಗುತ್ತದೆ, ಕರ್ಪೂರ ಜಮಖಾನೆಯ ಮೇಲೆ ಬಿದ್ದಿದೆ ಎಂದು ನೆರೆಯವರೂ ಹೇಳಿದರು. ಸುಶೀಲಾಬಾಯಿ ನನ್ನ ಕಡೆ ನೋಡಿದರು. ನಾನು ಬಗ್ಗಿ, ಗಾಲಿಯ ಕೆಳಗಿನ ನಿಂಬೆಹಣ್ಣು ಆರಿಸತೊಡಗಿದೆ.

ಇದನ್ನು ಬರೆಯುವುದಕ್ಕೆ ನನಗೆ ಈಗಲೂ ನಾಚಿಕೆ. ಆಸ್ಪತ್ರೆಗೆ ಆಟೋದಲ್ಲಿ ಅವರ ಜೊತೆ ಹೋದೆ, ಔಷಧಿ ತಂದುಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ. ಜಮಖಾನೆ ಬದಲಿಸಿ ಕೊಡುತ್ತೇನೆ ಎಂದು ಹೇಳಿ ಕಾರನ್ನು ಶೆಡ್ಡಿಗೆ ತಂದೆ. ಗಾಳಿಪೈಪನ್ನು ಕಿತ್ತು ಮೊದಲೇ ಎಳೆಯಬೇಕಿದ್ದ ದಾರಿಯಲ್ಲಿ ಎಳೆದೆ, ಬಾಯಿಗೆ ತಂತಿಯ ಜಾಲರಿ ಹಾಕಿ ಬಯಲಿಗೆ ಬಿಟ್ಟೆ.

ಎಂಟನೆಯ ದಿನ ಸಂಜೆ ಸುಶೀಲಾಬಾಯಿಯನ್ನು ನೋಡುವುದಕ್ಕೆ ಹೋದೆ. ದೀಪ ಹಚ್ಚುವ ಹೊತ್ತು. ಆಕೆ ಕಂಬಕ್ಕೆ ಒರಗಿ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ದೇವರ ಮುಂದೆ ಆಚಾರ್ರು ಬಗ್ಗಿ ಬತ್ತಿ ಸರಿಮಾಡುತ್ತಿದ್ದರು. ಅವರಿಗೆ ಅದು ಅಭ್ಯಾಸವಿಲ್ಲ, ಮೂರು ಕಡ್ಡಿ ಹಾಳಾದವು. ಕೈ ಮಾಗುವ ತನಕ ಹೀಗಿರಬಹುದು ಎಂದುಕೊಂಡು, "ಕೈ ವಾಸಿ ಆದ್ರ ಮತ್ತ ನೀವೇ ಹಚ್ಚತೀರಿ ಬಿಡ್ರಿ ಅಮ್ಮಾರ" ಎಂದೆ.

"ಇಲ್ಲೋ" ಎಂದರು. "ಇನ್ನ ಬೆಂಕಿ ಮುಟ್ಟಬ್ಯಾಡ ಅಂದಾರ. ಒಲಿ ಹಚ್ಚಲಿಕ್ಕೂ ಅವರೇ ಬರ್ತಾರ." ಆಚಾರ್ರು ದೀಪ ಹಚ್ಚಿ ಎದ್ದು, ಬೆಂಕಿಪೊಟ್ಟಣವನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದರಲ್ಲಿ ಕೆಡುಕಿರಲಿಲ್ಲ, ಹೆಂಡತಿಗೆ ಮತ್ತೇನಾದೀತೋ ಎಂಬ ಅಂಜಿಕೆ ಇತ್ತು. ಐವತ್ತು ವರ್ಷದ ದೀಪ ಆಕೆಯ ಕೈಯಿಂದ ಹೋಗಿದ್ದದ್ದು ನನ್ನಿಂದ. ಅವತ್ತಾದರೂ ಹೇಳಬೇಕಿತ್ತು. ಕಾಫಿ ಕುಡಿದು ಎದ್ದು ಬಂದೆ.

ಜಮಖಾನೆ ಸಿಗಲಿಲ್ಲ, ಬಣ್ಣ ಒಣಗಲಿಲ್ಲ ಎಂದು ಸುಳ್ಳು ಹೇಳಿಕೊಂಡು ಕಾರನ್ನು ಶೆಡ್ಡಿನಲ್ಲೇ ಇಟ್ಟುಕೊಂಡಿದ್ದೆ. ಮೂರು ವಾರವಾದ ಮೇಲೆ ಒಂದು ದಿನ, ಬೆಂಕಿಯ ಸುದ್ದಿ ಕೇಳಿ, ಖಾಸಿಂ ಉಸ್ತಾದ್ ಬಂದು ಆಟೋ ಇಳಿದರು. ಕಣ್ಣು ಅರ್ಧ ಹೋಗಿತ್ತು, ಮೂಗು ಪೂರ್ತಿ ಇತ್ತು. ಕಾರನ್ನು ತಡವುತ್ತ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಸಿದರು. ಹಲಗೆಯ ಹಿಂದೆ ಕೈ ಹಾಕಿ, ಹೊರತೆಗೆದು ಮೂಸಿದರು.

"ಇಲ್ಲಿ ಪೈಪಿನ ಬಾಯಿ ಇತ್ತು."

"ಹೌದು ಉಸ್ತಾದ್."

"ಈಗ ತೆಗದೀ."

"ತೆಗದು ಹೊರಗ ಬಿಟ್ಟೀನಿ ಉಸ್ತಾದ್."

"ಆ ಮನಿಯವರಿಗೆ ಹೇಳೀ?"

ನಾನು ಡಿಕ್ಕಿ ಮುಚ್ಚತೊಡಗಿದೆ. ಈ ಸಲ ಉರ್ದು ಡಬ್ಬಿ ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ರಿಪೇರಿ ಇನ್ನೂ ಆಗಿಲ್ಲ" ಎಂದರು. ಬಾಗಿಲ ತನಕ ಹೋದವರು ಕಾಲಿನಿಂದ ನೆಲ ಸವರಿ, "ಗೆರಿ ಎಲ್ಲೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಟೋ ಹತ್ತಿದರು.

ಅವತ್ತೇ ಸಂಜೆ ಕಾರು ತೆಗೆದುಕೊಂಡು ಹೋದೆ. ಉಸ್ತಾದರ ಗೆರೆ ನೆನಪಾಗಿ, ಆಚಾರ್ರ ಮನೆಯ ಎದುರಿಗೆ ನಿಲ್ಲಿಸದೆ ರಸ್ತೆಯ ಆಚೆ ದಂಡೆಗೆ ನಿಲ್ಲಿಸಿದೆ. ಪಡಸಾಲೆಯಲ್ಲಿ ಇಬ್ಬರೂ ಇದ್ದರು. ಆಕೆಯ ಕೈಗೆ ಈಗ ಪಟ್ಟಿ ಇರಲಿಲ್ಲ, ಹೊಸ ಚರ್ಮ ತೆಳುವಾಗಿ ಕೆಂಪಗೆ ಹೊಳೆಯುತ್ತಿತ್ತು. ನಾನು ಕೂರಲಿಲ್ಲ. ಪೈಪಿನ ಬಾಯನ್ನು ಎಲ್ಲಿ ಅಡಗಿಸಿದ್ದೆ, ಯಾಕೆ ಅಡಗಿಸಿದ್ದೆ, ನೀಲಿ ಉರಿ ಎಲ್ಲಿ ಕಂಡೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ಕರ್ಪೂರ ಬಿದ್ದು ಬೆಂಕಿ ಹತ್ತಲಿಲ್ಲ ಸ್ವಾಮಿ. ಬೆಂಕಿ ಹತ್ತಿದ ಮ್ಯಾಲೆ ತಟ್ಟಿ ಬಿತ್ತು. ಅಮ್ಮಾರದು ಏನೂ ತಪ್ಪಿಲ್ಲ. ವಾಸನಿ ಬರಕತ್ತೈತಿ ಅಂತ ಅವರು ಮೊದಲೇ ಹೇಳಿದ್ರು. ಹಚ್ಚ್ರಿ ಅಂದಾಂವ ನಾನು."

ಆಚಾರ್ರು ಬೈಯುತ್ತಾರೆ, ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಹೆಂಡತಿಯ ಕಡೆ ತಿರುಗಿದರು.

"ನೀ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ" ಎಂದರು ಸುಶೀಲಾಬಾಯಿ. ಆಮೇಲೆ ನನ್ನನ್ನು ನೋಡಿ, "ಇವತ್ತಿಗೆ ಇಪ್ಪತ್ತೆರಡು ದಿನ ಈರಣ್ಣಾ. ನೀನೇ ಹೇಳತೀ ಅಂತ ಕಾದೆ" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ.

"ಈಗ ಪೈಪು ಬಂಪರಿನ ಕೆಳಗ ಎರಡು ಬಟ್ಟು ಕಾಣ್ತೈತಿ ಸ್ವಾಮಿ" ಎಂದೆ, ಹೇಳಬೇಕಾದ್ದು ಅದೊಂದು ಉಳಿದಿತ್ತು.

"ಕಾಣಲಿ ಬಿಡು" ಎಂದರು ಆಚಾರ್ರು. ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಹೆಂಡತಿಯ ಮುಂದೆ ಹಿಡಿದು, "ತಗೋ. ಹೊತ್ತಾತು, ದೀಪ ಹಚ್ಚು" ಎಂದರು.

ಆಕೆ ಕೈ ಚಾಚಲಿಲ್ಲ. "ಅವತ್ತ ಓಣಿ ಮಂದಿ ಎಲ್ಲಾರ ಮುಂದ ಹೇಳಿದ್ರಿ, ಆಕಿ ಕೈ ನಡುಗ್ತದ ಅಂತ. ಇವತ್ತ ಒಬ್ಬ ಈರಣ್ಣನ ಮುಂದ ಹೇಳ್ರಿ, ನಡುಗಂಗಿಲ್ಲ ಅಂತ."

ನಲವತ್ತು ವರ್ಷ ಮಕ್ಕಳಿಗೆ ಪಾಠ ಒಪ್ಪಿಸಲು ಹೇಳಿದವರು ಆಚಾರ್ರು. ಅವತ್ತು ತಲೆ ತಗ್ಗಿಸಿ ತಾವೇ ಒಪ್ಪಿಸಿದರು. "ನಡುಗಂಗಿಲ್ಲ. ನಿನ್ನ ಕೈ ನಡುಗಂಗಿಲ್ಲ. ನಂದ ತಪ್ಪು."

ಸುಶೀಲಾಬಾಯಿ ಪೊಟ್ಟಣ ತೆಗೆದುಕೊಂಡು ದೇವರ ಮುಂದೆ ಹೋದರು. ಸೊಂಟ ನೋಯುವವರಾದ್ದರಿಂದ ಕೂರುವುದಕ್ಕೆ ತಡವಾಯಿತು. ಕಡ್ಡಿ ಗೀರಿದರು. ಹೊಸ ಚರ್ಮದ ಆ ಕೈ ಬತ್ತಿಯ ತನಕ ಹೋಗುವಾಗ ಚೆನ್ನಾಗಿಯೇ ನಡುಗಿತು. ಆಚಾರ್ರು ನೋಡಿದರು, ನಾನೂ ನೋಡಿದೆ, ಆಕೆಗೂ ಗೊತ್ತಾಯಿತು. ದೀಪ ಒಂದೇ ಕಡ್ಡಿಗೆ ಹತ್ತಿತು.

ಆಕೆ ಕೈ ಮುಗಿದು, ಹಿಂದಕ್ಕೆ ತಿರುಗದೆಯೇ ಕೇಳಿದರು.

"ಈರಣ್ಣಾ, ಗಾಡಿ ಎಲ್ಲಿ ನಿಲ್ಲಿಸೀ?"

"ರಸ್ತೆ ಆಚಿಗೆ ಅಮ್ಮಾರ."

"ಅಲ್ಲೇ ಇರಲಿ" ಎಂದರು.